ಹಿತ್ತಲಿಗೆ ಬಿಟ್ಟ ಕೋಳಿ

ಜಾತ್ರೆಯಲ್ಲಿ ಬೆಂಡು ಬೆತ್ತಾಸು, ಬಳೆ, ಪೀಪಿ ಮಾರುವವರ ಸಾಲು ಮುಗಿಯುವ ಕಡೆ ಒಬ್ಬಾತ ರಟ್ಟಿನ ಪೆಟ್ಟಿಗೆ ಇಟ್ಟುಕೊಂಡು ಕುಳಿತಿರುತ್ತಾನೆ. ಪೆಟ್ಟಿಗೆ ತುಂಬ ಹಸಿರು, ಗುಲಾಬಿ, ನೇರಳೆ ಬಣ್ಣದ ಕೋಳಿಮರಿಗಳು ಚಿಂವ್ ಚಿಂವ್ ಎನ್ನುತ್ತಿರುತ್ತವೆ. ಅದನ್ನು ಕಂಡ ಮಗು ಅಲ್ಲಿಂದ ಕದಲುವುದಿಲ್ಲ. ಅಪ್ಪ ಗದರಿಸಿ, ಅವ್ವ ರಮಿಸಿ, ಕೊನೆಗೆ ಎರಡು ಮರಿ ಮನೆಗೆ ಬರುತ್ತವೆ. ಚಪ್ಪಲಿ ಡಬ್ಬಿಯೊಳಗೆ ಹಳೆಯ ಬಟ್ಟೆ ಹಾಸಿ, ಅಕ್ಕಿ ನುಚ್ಚು ಚೆಲ್ಲಿ, ಹೆಸರಿಟ್ಟು ಮಲಗಿಸುತ್ತಾರೆ. ಮೂರನೆಯ ದಿನವೋ ನಾಲ್ಕನೆಯ ದಿನವೋ ಬೆಳಿಗ್ಗೆ ನೋಡಿದರೆ ಮರಿ ಸೆಟೆದು ಬಿದ್ದಿರುತ್ತದೆ. ಮಗು ಅಳುತ್ತದೆ. ‘ಇನ್ನು ಈ ಉಸಾಬರಿಯೇ ಬೇಡ’ ಎಂದು ಹಿರಿಯರು ತೀರ್ಮಾನಿಸುತ್ತಾರೆ.

ಇಲ್ಲಿ ತಪ್ಪು ಮಗುವಿನದಲ್ಲ, ಮರಿಯದಂತೂ ಅಲ್ಲವೇ ಅಲ್ಲ. ಈ ಬಣ್ಣದ ಮರಿಗಳಲ್ಲಿ ಹೆಚ್ಚಿನವು ತತ್ತಿ ತಳಿಯ ಗಂಡುಮರಿಗಳು. ಅವು ತತ್ತಿ ಇಡುವುದಿಲ್ಲ, ಮಾಂಸಕ್ಕೆಂದು ಬೆಳೆಸಿದರೂ ಲಾಭವಿಲ್ಲ. ಆದ್ದರಿಂದ ಮರಿ ಮಾಡುವ ಕೇಂದ್ರಗಳು ಹುಟ್ಟಿದ ದಿನವೇ ಅವನ್ನು ಬೇರ್ಪಡಿಸಿ ಹೊರಹಾಕುತ್ತವೆ. ಹೀಗೆ ಬೇಡವಾದವುಗಳಲ್ಲಿ ಕೆಲವು ಬಣ್ಣ ಬಳಿಸಿಕೊಂಡು ಜಾತ್ರೆಗೆ ಬರುತ್ತವೆ. ಮೊದಲ ವಾರ ಮರಿಗೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಬೆಚ್ಚನೆಯ ಜಾಗ ಬೇಕು. ತಾಯಿಯ ರೆಕ್ಕೆಯ ಕೆಳಗೆ ಅದು ತಾನಾಗಿಯೇ ಸಿಗುತ್ತದೆ, ಚಪ್ಪಲಿ ಡಬ್ಬಿಯಲ್ಲಿ ಸಿಗುವುದಿಲ್ಲ. ಇನ್ನೊಂದು ಸಂಗತಿ: ಮರಿ ಚಿಪ್ಪೊಡೆಯುವ ಮುನ್ನ ತತ್ತಿಯ ಉಳಿದ ಹಳದಿಯನ್ನು ತನ್ನ ಹೊಟ್ಟೆಯೊಳಗೆ ಎಳೆದುಕೊಂಡಿರುತ್ತದೆ. ಈ ಬುತ್ತಿಯ ಬಲದ ಮೇಲೆ ಅದು ಎರಡು ದಿನ ಕೂಳು ನೀರಿಲ್ಲದೆಯೂ ಓಡಾಡಬಲ್ಲದು. ಜಾತ್ರೆಯಲ್ಲಿ ಚುರುಕಾಗಿದ್ದ ಮರಿ ಮನೆಗೆ ಬಂದ ಮೇಲೆ ಜೋಲು ಬೀಳುವುದು ಬುತ್ತಿ ತೀರಿದ್ದರಿಂದ.

ಹಾಗಾದರೆ ಕೋಳಿ ಬೇಕೆನ್ನುವ ಮಗುವಿಗೆ ಏನು ಹೇಳಬೇಕು? ಬೇಡ ಎನ್ನುವುದಕ್ಕಿಂತ, ಡಬ್ಬಿಯ ಮರಿ ಬೇಡ, ಹಿತ್ತಲ ಕೋಳಿ ಇರಲಿ ಎನ್ನುವುದು ನನಗೆ ಸರಿ ಕಾಣುತ್ತದೆ. ಮೂರು ನಾಲ್ಕು ತಿಂಗಳು ತುಂಬಿದ ಎರಡು ಮೂರು ಜವಾರಿ ಹೇಂಟೆ ಇಲ್ಲವೆ ಮರಿಗಳ ಸಮೇತ ಒಂದು ತಾಯಿಕೋಳಿ ತಂದರೆ ಅರ್ಧ ಕಷ್ಟ ಅಲ್ಲಿಗೇ ಮುಗಿಯಿತು. ಉಳಿದ ಅರ್ಧ ಕಷ್ಟ ಹಿತ್ತಲಿನದು.

ಲಿಂಬೆ ನೆರಳು

ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯ ಮೇಲೆ ಇಂಡಿ ತಾಲ್ಲೂಕಿನ ಹೊರ್ತಿ ಸಿಗುತ್ತದೆ. ಮಳೆ ಕಡಿಮೆಯ ನಾಡು. ಹಿಂಗಾರಿ ಜೋಳ, ತೊಗರಿ, ನೀರಿದ್ದವರಿಗೆ ಲಿಂಬೆ, ದ್ರಾಕ್ಷಿ. ಇಂಡಿಯ ಲಿಂಬೆಗಂತೂ ಈಗ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಈ ಸೀಮೆಯಲ್ಲಿ ತೋಟವಿಲ್ಲದವರೂ ಬಚ್ಚಲ ನೀರು ಹರಿಯುವಲ್ಲಿ ಒಂದು ಲಿಂಬೆ, ಒಂದು ಕರಿಬೇವು, ಒಂದು ನುಗ್ಗೆ ಹಚ್ಚಿರುತ್ತಾರೆ. ಕೋಳಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇರೆ ಬೇಕಿಲ್ಲ. ಲಿಂಬೆಯ ಮುಳ್ಳುಕೊಂಬೆಗಳು ನೆಲದ ಹತ್ತಿರಕ್ಕೇ ಬಾಗಿರುವುದರಿಂದ ಮೇಲಿಂದ ಎರಗುವ ಹದ್ದು ಗಿಡುಗಗಳಿಗೆ ದಾರಿ ಸಿಗುವುದಿಲ್ಲ. ಬುಡದಲ್ಲಿ ತಂಪು, ತರಗೆಲೆ, ತರಗೆಲೆಯ ಕೆಳಗೆ ಹುಳ.

ಕೋಳಿ ಮೂಲತಃ ಇಂಥ ಪೊದೆಯ ಹಕ್ಕಿಯೇ. ಅದರ ಮೂಲಪುರುಷ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿ ಸಿಕ್ಕ, ಸುಮಾರು 3,500 ವರ್ಷ ಹಿಂದಿನ ಮೂಳೆಗಳೇ ಸಾಕುಕೋಳಿಯ ಅತಿ ಹಳೆಯ ಖಚಿತ ಕುರುಹು ಎಂದು 2022ರಲ್ಲಿ ಪ್ರಕಟವಾದ ಸಂಶೋಧನೆ ಹೇಳುತ್ತದೆ. ಮನುಷ್ಯ ಭತ್ತ, ಕಿರುಧಾನ್ಯ ಬೆಳೆಯತೊಡಗಿದಾಗ ಉದುರಿದ ಕಾಳಿಗಾಗಿ ಕಾಡುಕೋಳಿ ಹೊಲದ ಅಂಚಿಗೆ ಬಂತು, ಬಂದದ್ದು ಅಲ್ಲೇ ನಿಂತಿತು ಎಂಬುದು ಆ ಸಂಶೋಧಕರ ಊಹೆ. ಅಂದರೆ ನಾವು ಅದನ್ನು ಹಿಡಿದು ತಂದದ್ದಕ್ಕಿಂತ ಅದೇ ನಮ್ಮ ಕಣದ ಕಾಳು ನೋಡಿ ಬಂದದ್ದು ಹೆಚ್ಚು. ನಮ್ಮ ಸಹ್ಯಾದ್ರಿಯ ಬೂದು ಕಾಡುಕೋಳಿಯ ಪಾಲೂ ಇದರಲ್ಲಿದೆ. ಎಷ್ಟೋ ಕೋಳಿಗಳ ಚರ್ಮ, ಕಾಲು ಹಳದಿಯಾಗಿರುವುದಕ್ಕೆ ಕಾರಣವಾದ ಗುಣ ಈ ಬೂದು ಕೋಳಿಯಿಂದ ಬಂದದ್ದೆಂದು 2008ರಲ್ಲಿ ಗೊತ್ತಾಯಿತು.

ಈ ಹಿನ್ನೆಲೆ ತಿಳಿದರೆ ಕೋಳಿ ಏಕೆ ಕೆದರುತ್ತದೆ ಎಂದು ಸಿಟ್ಟಾಗುವುದು ಕಡಿಮೆಯಾದೀತು. ಮುಂದೆ ಬಟ್ಟಲು ತುಂಬ ಜೋಳ ಇಟ್ಟರೂ ಅದು ನಾಲ್ಕು ಕಾಳು ತಿಂದು ತಿಪ್ಪೆಯತ್ತ ನಡೆಯುತ್ತದೆ. ಎರಡು ಹೆಜ್ಜೆ ಮುಂದೆ, ಕಾಲಿನಿಂದ ಎರಡು ಬಾರಿ ಕೆದರು, ಒಂದು ಹೆಜ್ಜೆ ಹಿಂದೆ, ಕತ್ತು ಓರೆಮಾಡಿ ನೋಟ, ಕುಟುಕು. ದಿನವಿಡೀ ಇದೇ ಕವಾಯತು. ಗೆದ್ದಲು, ಮಿಡತೆ, ಮಣ್ಣಿನಲ್ಲಿ ಅಡಗಿದ ಹುಳುವಿನ ಕೋಶ, ಕಳೆಬೀಜ ಎಲ್ಲವೂ ಅದರ ಹೊಟ್ಟೆಗೆ.

ಆದರೆ ಕೋಳಿಗೆ ಕಳೆ ಯಾವುದು, ಬೆಳೆ ಯಾವುದು ಎಂಬ ಭೇದವಿಲ್ಲ. ನಿನ್ನೆ ಮೊಳೆತ ಮೆಂತೆ, ರಾಜಗಿರಿ, ಹಕ್ಕರಿಕೆಯ ಮಡಿಗೆ ಮೂರು ಹೇಂಟೆ ನುಗ್ಗಿದರೆ ಹತ್ತು ನಿಮಿಷದಲ್ಲಿ ಹಸನು ಮಾಡಿ ಬರುತ್ತವೆ. ಲಿಂಬೆಗೂ ಅಪಾಯ ಇಲ್ಲದಿಲ್ಲ. ಅದರ ಆಹಾರ ಹೀರುವ ಸಣ್ಣ ಬೇರುಗಳು ಮಣ್ಣಿನ ಮೇಲ್ಪದರದಲ್ಲೇ ಹರಡಿರುತ್ತವೆ. ಒಂದೇ ಕಡೆ ತಿಂಗಳುಗಟ್ಟಲೆ ಕೆದರಿದರೆ ಬೇರು ಬಯಲಿಗೆ ಬಂದು ಗಿಡ ಬಾಡುತ್ತದೆ. ಬುಡದ ಸುತ್ತ ಅಂಗೈ ಅಗಲದ ಕಲ್ಲು ಹಾಸಿದರೆ ಅಥವಾ ಮುಳ್ಳುಕಂಟಿ ಹರಡಿದರೆ ಈ ಕಾಟ ತಪ್ಪುತ್ತದೆ. ಸೊಪ್ಪಿನ ಮಡಿಗೆ ಮೊಣಕಾಲೆತ್ತರದ ಜಾಲರಿ ಬೇಕೇ ಬೇಕು. ಬೀಜ ಹಾಕುವ ಮುನ್ನ, ಬೆಳೆ ಕಿತ್ತ ನಂತರ ಅದೇ ಮಡಿಗೆ ಕೋಳಿಯನ್ನು ಬಿಟ್ಟರೆ ಒಂದು ಸುತ್ತು ಕೆಲಸ ಉಳಿಯಿತೆಂದೇ ಲೆಕ್ಕ. ಹಿಕ್ಕೆಯನ್ನು ಮಾತ್ರ ಹಸಿಯಾಗಿ ಸಸಿಯ ಬುಡಕ್ಕೆ ಹಾಕಬಾರದು. ಅದರಲ್ಲಿ ಸಾರಜನಕ ಹೆಚ್ಚು, ಬೇರು ಸುಡುತ್ತದೆ. ತಿಪ್ಪೆಯಲ್ಲಿ ಕೊಳೆತ ಮೇಲೆ ಅದರಂಥ ಗೊಬ್ಬರವಿಲ್ಲ.

ಕೋಳಿಯನ್ನು ಬಿಡಬೇಕೋ ಬೇಡವೋ ಎಂಬುದಕ್ಕಿಂತ ಯಾವಾಗ ಬಿಡಬೇಕು ಎಂಬುದೇ ಇಲ್ಲಿ ಮುಖ್ಯ. ಹೇಂಟೆಗಳು ಹೆಚ್ಚಾಗಿ ಮುಂಜಾನೆಯಿಂದ ಮಧ್ಯಾಹ್ನದೊಳಗೆ ತತ್ತಿ ಇಡುತ್ತವೆ. ಬೆಳಿಗ್ಗೆಯೇ ಬಿಟ್ಟರೆ ಪಕ್ಕದ ಮನೆಯ ಬಣವೆಯಲ್ಲಿ ಇಟ್ಟು ಬರುವುದುಂಟು, ಅಲ್ಲಿಂದ ಜಗಳ ಶುರು. ಆದ್ದರಿಂದ ಶಾಲೆ ಬಿಟ್ಟು ಮಕ್ಕಳು ಮನೆಗೆ ಬರುವ ಹೊತ್ತಿಗೆ ಗೂಡಿನ ಬಾಗಿಲು ತೆರೆಯುವುದು ಒಳ್ಳೆಯದು. ಆಗ ಬಿಸಿಲು ಇಳಿದಿರುತ್ತದೆ, ಕಾಯಲು ಮಕ್ಕಳಿರುತ್ತಾರೆ, ಸೂರ್ಯಾಸ್ತಕ್ಕೆ ಎರಡೇ ತಾಸು ಇರುವುದರಿಂದ ಹಾಳು ಮಾಡಲು ಸಮಯವೂ ಸಾಲದು. ಕತ್ತಲಲ್ಲಿ ಕೋಳಿಗೆ ಕಣ್ಣು ಸರಿಯಾಗಿ ಕಾಣದು. ಕರೆಯದಿದ್ದರೂ ಹೊತ್ತು ಮುಳುಗುವಾಗ ಸಾಲಾಗಿ ಗೂಡು ಸೇರುತ್ತವೆ. ಹೊಸದಾಗಿ ತಂದ ಕೋಳಿಗಳನ್ನು ಮಾತ್ರ ಮೊದಲ ಒಂದು ವಾರ ಗೂಡಿನಲ್ಲೇ ಇಟ್ಟು, ಇದೇ ಮನೆ ಎಂದು ರೂಢಿ ಮಾಡಿಸಬೇಕು. ಗೂಡಿನಲ್ಲಿ ಒಂದೊಂದಕ್ಕೆ ಎರಡು ಚದರ ಅಡಿ ಜಾಗ, ಕೂರಲು ಒಂದು ಅಡ್ಡಕಟ್ಟಿಗೆ, ಮುಂಗುಸಿ ತೂರದಷ್ಟು ಸಣ್ಣ ಕಣ್ಣಿನ ಜಾಲರಿ ಇದ್ದರೆ ಸಾಕು. ಅರಮನೆ ಬೇಕಿಲ್ಲ.

ಕೂತು ನೋಡಿದರೆ

ಸಂಜೆ ಎರಡು ತಾಸು ಕೋಳಿ ಕಾಯುವ ಹುಡುಗನಿಗೆ ಒಂದು ನೋಟುಬುಕ್ಕು ಕೊಡಿ. ನಾರ್ವೆ ದೇಶದ ಥಾರ್ಲೈಫ್ ಶೆಲ್ಡರಪ್ ಎಬ್ಬೆ ಚಿಕ್ಕವನಿದ್ದಾಗ ಮಾಡಿದ್ದು ಇದನ್ನೇ. ಯಾವ ಕೋಳಿ ಯಾವುದನ್ನು ಕುಕ್ಕಿತು, ಯಾವುದು ತಲೆ ತಗ್ಗಿಸಿ ಸರಿಯಿತು ಎಂದು ಬರೆದುಕೊಳ್ಳುತ್ತ ಹೋದವನು ದೊಡ್ಡವನಾಗಿ ಅದರ ಮೇಲೆಯೇ ಪ್ರಬಂಧ ಬರೆದ. 1920ರ ದಶಕದ ಆರಂಭದಲ್ಲಿ ಅದು ಪ್ರಕಟವಾದಾಗ ಪ್ರಾಣಿವಿಜ್ಞಾನಕ್ಕೆ ಹೊಸದೊಂದು ಮಾತು ಸಿಕ್ಕಿತು: ಕುಕ್ಕುವ ಸರದಿ. ಒಂದನೆಯ ಕೋಳಿ ಎಲ್ಲವನ್ನೂ ಕುಕ್ಕುತ್ತದೆ, ಎರಡನೆಯದು ಒಂದನೆಯದನ್ನು ಬಿಟ್ಟು ಉಳಿದವನ್ನು, ಕೊನೆಯದು ಯಾರನ್ನೂ ಇಲ್ಲ. ಸರದಿ ಒಮ್ಮೆ ತೀರ್ಮಾನವಾಯಿತೆಂದರೆ ಜಗಳ ಕಡಿಮೆ. ಹೊಸ ಕೋಳಿ ಬಂದ ದಿನ ಮತ್ತೆ ಮೊದಲಿನಿಂದ ರಂಪ. ನಾಲ್ಕು ಕೋಳಿ ಇದ್ದರೆ ಸಾಕು, ಒಂದು ವಾರದಲ್ಲಿ ನಿಮ್ಮ ಹಿತ್ತಲಿನ ಸರದಿಪಟ್ಟಿ ಸಿದ್ಧವಾಗುತ್ತದೆ.

ಹುಳ ಸಿಕ್ಕಾಗ ತಾಯಿಕೋಳಿ ಬೇರೆಯೇ ದನಿಯಲ್ಲಿ ಬೇಗಬೇಗ ಕೊಕ್ಕೊಕ್ ಎಂದು ಮರಿಗಳನ್ನು ಕರೆಯುತ್ತದೆ. ಎತ್ತಿ ಹಾಕಿ, ಎತ್ತಿ ಹಾಕಿ ತೋರಿಸುತ್ತದೆ, ತಾನು ತಿನ್ನುವುದಿಲ್ಲ. ಹುಂಜವೂ ಹೇಂಟೆಗಳನ್ನು ಹೀಗೆ ಕರೆಯುತ್ತದೆ. ಬಸವಣ್ಣನವರು ಒಂದು ವಚನದಲ್ಲಿ, ತಿನ್ನಲು ಸಿಕ್ಕಾಗ ತನ್ನವರನ್ನು ಕರೆಯುವ ಕಾಗೆ ಮತ್ತು ಕೋಳಿಯನ್ನು ಭಕ್ತರ ಮುಂದೆ ಉದಾಹರಣೆಯಾಗಿ ನಿಲ್ಲಿಸಿದ್ದಾರೆ. ಅವರು ಹುಟ್ಟಿದ ಬಾಗೇವಾಡಿಯೂ ಇದೇ ಜಿಲ್ಲೆಯದು. ಇಲ್ಲಿಯ ಹಿತ್ತಲುಗಳ ಕೋಳಿ ಇಂದಿಗೂ ಹಾಗೆಯೇ ಕರೆಯುತ್ತಿದೆ. ಅಂದಹಾಗೆ, ಹುಂಜದ ಮಾತನ್ನು ಪೂರ್ತಿ ನಂಬುವಂತಿಲ್ಲ. ದೂರದಲ್ಲಿರುವ ಹೇಂಟೆಯನ್ನು ಹತ್ತಿರ ಕರೆಸಿಕೊಳ್ಳಲು ಅದು ಬರಿಯ ಕಡ್ಡಿ ತೋರಿಸಿ ‘ಊಟ’ ಎಂದು ಕೂಗುವುದನ್ನು 1980ರ ದಶಕದಲ್ಲಿ ವಿಜ್ಞಾನಿಗಳು ದಾಖಲಿಸಿದ್ದಾರೆ!

ಅಪಾಯದ ಕೂಗಿನಲ್ಲೂ ಎರಡು ಬಗೆ. ಆಕಾಶದಲ್ಲಿ ಹದ್ದು ಕಂಡರೆ ಸಣ್ಣಗೆ ಎಳೆದ ಒಂದೇ ದನಿ, ಕೇಳಿದವು ಪೊದೆಯೊಳಗೆ ನುಗ್ಗಿ ಅಲುಗಾಡದೆ ಕೂರುತ್ತವೆ. ನಾಯಿ ಬೆಕ್ಕು ಬಂದರೆ ಕಟಕಟ ಎಂದು ಒಂದೇ ಸಮನೆ ಗದ್ದಲ, ಎಲ್ಲವೂ ಕತ್ತೆತ್ತಿ ಎಚ್ಚರಾಗುತ್ತವೆ. ಎರಡು ದಿನ ಕಿವಿಗೊಟ್ಟರೆ ಮಕ್ಕಳಿಗೆ ಮನೆಯೊಳಗಿದ್ದೇ ಹೊರಗೆ ಬಂದವರು ಯಾರೆಂದು ತಿಳಿಯುತ್ತದೆ.

ಇನ್ನು ಬೆಳಗಿನ ಕೂಗು. ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗೇ ಆಗದೆಂದು ಬಗಲಲ್ಲಿ ಹುಂಜ ಇಟ್ಟುಕೊಂಡು ಊರು ಬಿಟ್ಟ ಮುದುಕಿಯ ಕಥೆ ಯಾರಿಗೆ ಗೊತ್ತಿಲ್ಲ? ಮುದುಕಿ ಬೆಪ್ಪಳಿರಬಹುದು, ಹುಂಜ ಬೆಪ್ಪಲ್ಲ. ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು ಹುಂಜಗಳನ್ನು ದಿನವಿಡೀ ಒಂದೇ ಮಂದ ಬೆಳಕಿನಲ್ಲಿಟ್ಟು ನೋಡಿದರು. ಬೆಳಗಿನ ಸುಳಿವೇ ಇಲ್ಲದಿದ್ದರೂ ಅವು ಹೆಚ್ಚುಕಡಿಮೆ ಅದೇ ಹೊತ್ತಿಗೆ ಕೂಗಿದವು. ಗಡಿಯಾರ ಅವುಗಳ ಮೈಯೊಳಗೇ ಇದೆ ಎಂದು 2013ರಲ್ಲಿ ಬರೆದರು. ಎರಡು ವರ್ಷದ ನಂತರ ಅದೇ ತಂಡ ಇನ್ನೊಂದನ್ನು ಕಂಡಿತು. ಹುಂಜಗಳು ಹಲವಿದ್ದರೆ ಮೊದಲು ಕೂಗುವುದು ಸರದಿಯಲ್ಲಿ ಮೇಲಿರುವುದೇ. ಉಳಿದವು ತಮ್ಮ ಸ್ಥಾನದ ಪ್ರಕಾರ ಒಂದರ ಹಿಂದೆ ಒಂದು. ವಿದ್ಯಾರ್ಥಿಗಳು ಒಂದು ತಿಂಗಳು ಮೊದಲ ಕೂಗಿನ ಸಮಯ ಬರೆದು, ಪಂಚಾಂಗದ ಸೂರ್ಯೋದಯದ ಪಕ್ಕದಲ್ಲಿಟ್ಟು ನೋಡಬಹುದು. ಬೇಗ ಏಳಬೇಕಾದೀತು, ಅಷ್ಟೆ.

ಹೆತ್ತವರ ಪಾಲಿನ ಕೆಲಸ

ಬಿಟ್ಟು ಸಾಕುವುದೆಂದರೆ ಹೇಗೋ ಸಾಕುವುದಲ್ಲ. ಈ ಕಡೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಕೋಳಿ ಬೆವರುವುದಿಲ್ಲ, ಕೊಕ್ಕು ತೆರೆದು ತೇಕುತ್ತ, ರೆಕ್ಕೆ ಇಳಿಬಿಟ್ಟು ನಿಂತರೆ ಅದಕ್ಕೆ ಸೆಕೆ ತಾಳಲಾಗುತ್ತಿಲ್ಲ ಎಂದರ್ಥ. ನೆರಳಿನಲ್ಲಿ ಎರಡು ಕಡೆ ಮಣ್ಣಿನ ಅಗಲ ಬಟ್ಟಲಿನಲ್ಲಿ ನೀರಿಟ್ಟು ದಿನಕ್ಕೆ ಮೂರು ಸಲ ಬದಲಿಸಬೇಕು. ಇದು ಮಗುವಿನ ಕೆಲಸವಾಗಲಿ. ಮೈಗೆ ಹತ್ತಿದ ಹೇನು ಉದುರಿಸಲು ಕೋಳಿ ಹುಡಿಮಣ್ಣಿನಲ್ಲಿ ಹೊರಳುತ್ತದೆ. ನಮ್ಮ ಎರೆಮಣ್ಣು ಮಳೆಗಾಲದಲ್ಲಿ ಅಂಟು, ಬೇಸಿಗೆಯಲ್ಲಿ ಹೆಂಟೆ. ಮೂಲೆಯಲ್ಲೊಂದು ಕುಣಿ ತೋಡಿ ಮರಳು, ಒಲೆಯ ಬೂದಿ ಬೆರೆಸಿ ತುಂಬಿದರೆ ಅದರ ಸ್ನಾನದ ಮನೆ ಸಿದ್ಧ.

ಮುಗ್ಗಿದ ಶೇಂಗಾ, ಬೂಷ್ಟು ಹಿಡಿದ ರೊಟ್ಟಿ ಕೋಳಿಗೆ ಹಾಕುವ ರೂಢಿ ನಮ್ಮಲ್ಲಿದೆ. ಇದು ಕೂಡದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷದಷ್ಟು ಟರ್ಕಿಕೋಳಿಗಳು ಸತ್ತದ್ದು ಬೂಷ್ಟು ಹಿಡಿದ ಶೇಂಗಾ ಹಿಂಡಿಯಿಂದ. ಆ ಬೂಷ್ಟಿನ ವಿಷಕ್ಕೆ ಆಮೇಲೆ ಅಫ್ಲಟಾಕ್ಸಿನ್ ಎಂದು ಹೆಸರಾಯಿತು. ಅದಕ್ಕಿಂತ ಹತ್ತಿರದ ವಿಷ ಹೊಲದ್ದು. ಹರಳು ರೂಪದ ಕೀಟನಾಶಕವನ್ನು ಕೋಳಿ ಸಣ್ಣ ಕಲ್ಲೆಂದು ತಿನ್ನುತ್ತದೆ. ಅದಕ್ಕೆ ಹಲ್ಲಿಲ್ಲ, ಕಾಳು ಅರೆಯಲು ಹೊಟ್ಟೆಯೊಳಗಿನ ಗಟ್ಟಿ ಚೀಲಕ್ಕೆ ಕಲ್ಲು ಬೇಕು. ಔಷಧಿ ಲೇಪಿಸಿದ ಬಿತ್ತನೆ ಬೀಜವೂ ಹಾಗೆಯೇ ಜೀವಕ್ಕೆ ಎರವು. ಲಿಂಬೆಗೆ ಸಿಂಪಡಿಸಿದ ದಿನಗಳಲ್ಲಿ ಕೋಳಿ ಗೂಡಿನಲ್ಲೇ ಇರಲಿ.

ಹಿತ್ತಲ ಕೋಳಿಯ ದೊಡ್ಡ ಶತ್ರು ಹದ್ದಲ್ಲ, ಕೊಕ್ಕರೆ ರೋಗ. ಹಸಿರು ಭೇದಿ, ತೇಕು, ಕತ್ತು ತಿರುಚುವುದು. ಒಂದು ಕೋಳಿಗೆ ಬಂದರೆ ಓಣಿಯೇ ಬರಿದು. ಈ ರೋಗಕ್ಕೆ ನಮ್ಮ ದೇಶದಲ್ಲಿ ರಾಣಿಖೇತ್ ಎಂಬ ಹಿಮಾಲಯದ ಊರಿನ ಹೆಸರೇ ನಿಂತುಬಿಟ್ಟಿದೆ. ಮದ್ದಿಲ್ಲ, ಲಸಿಕೆ ಇದೆ. ಮೊದಲ ವಾರ ಮರಿಯ ಕಣ್ಣಿಗೋ ಮೂಗಿಗೋ ಒಂದು ಹನಿ, ಎಂಟು ವಾರ ದಾಟಿದ ಮೇಲೆ ಚುಚ್ಚುಮದ್ದು. ತೊಡಕೆಂದರೆ ಒಂದು ಸೀಸೆಯಲ್ಲಿ ಹತ್ತಾರು ಕೋಳಿಗಾಗುವಷ್ಟು ಲಸಿಕೆ ಇರುತ್ತದೆ, ಕದಡಿದ ಮೇಲೆ ಕೆಲವೇ ತಾಸಿನಲ್ಲಿ ಮುಗಿಸಬೇಕು. ಮೂರು ಕೋಳಿಗೆಂದು ಸೀಸೆ ಒಡೆಯುವವರು ಯಾರು? ಓಣಿಯವರೆಲ್ಲ ಸೇರಿ ಒಂದು ದಿನ ಗೊತ್ತುಮಾಡಿ ಪಶು ಆಸ್ಪತ್ರೆಯವರನ್ನು ಕೇಳಿಕೊಳ್ಳುವುದೇ ದಾರಿ. ಹಕ್ಕಿಜ್ವರದ ವಿಷಯದಲ್ಲಂತೂ ಉದಾಸೀನ ಸಲ್ಲದು. 2025ರ ಆರಂಭದಲ್ಲಿ ಬಳ್ಳಾರಿ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಅದು ಕಾಣಿಸಿಕೊಂಡಿತ್ತು. ಒಮ್ಮೆಲೇ ಹಲವು ಕೋಳಿ ಸತ್ತರೆ ಮಕ್ಕಳು ಮುಟ್ಟಬಾರದು, ಅಡುಗೆ ಮಾಡಬಾರದು, ಹೊರಗೆ ಎಸೆಯಬಾರದು, ಪಶುವೈದ್ಯರಿಗೆ ತಿಳಿಸಬೇಕು. ಕೋಳಿ ಚೆನ್ನಾಗಿದ್ದಾಗಲೂ ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯುವುದು, ಮರಿಗೆ ಮುತ್ತು ಕೊಡದಿರುವುದು ರೂಢಿಯಾಗಬೇಕು. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ರೋಗಾಣು ಕಣ್ಣಿಗೆ ಕಾಣುವುದಿಲ್ಲ.

ಇಷ್ಟೆಲ್ಲ ಮಾಡಿ ಸಿಗುವುದೆಷ್ಟು? ಜವಾರಿ ಹೇಂಟೆ ವರ್ಷಕ್ಕೆ 50–60 ತತ್ತಿ ಇಡುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿ ಹಿತ್ತಲಿಗೆಂದೇ ರೂಪಿಸಿದ ಗಿರಿರಾಜ ತಳಿಯಾದರೆ 130–150. ತತ್ತಿ ಇಡಲು ಹುಂಜ ಬೇಕಿಲ್ಲ, ಮರಿಯಾಗಲು ಬೇಕು. ಜವಾರಿ ತತ್ತಿಯಲ್ಲಿ ಶಕ್ತಿ ಹೆಚ್ಚು ಎಂಬ ಮಾತಿಗೆ ಅಂಥ ಆಧಾರವಿಲ್ಲ. ಹಸಿರು ಮೇಯುವುದರಿಂದ ಹಳದಿಯ ಬಣ್ಣ ಗಾಢವಾಗಿರುತ್ತದೆ, ಪ್ರೋಟೀನು ಮಾತ್ರ ಬಿಳಿ ತತ್ತಿಯಲ್ಲಿ ಇದ್ದಷ್ಟೇ, ಸುಮಾರು 6 ಗ್ರಾಂ. 2021ರ ಡಿಸೆಂಬರಿನಲ್ಲಿ ಸರಕಾರ ಶಾಲೆಯ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಮೊದಲು ಆರಿಸಿಕೊಂಡ ಹಿಂದುಳಿದ ಏಳು ಜಿಲ್ಲೆಗಳಲ್ಲಿ ವಿಜಯಪುರವೂ ಒಂದಾಗಿತ್ತು. ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಮನೆಯಲ್ಲೂ ಆ ಮರ್ಯಾದೆ ಇರಲಿ; ತಿನ್ನುವವರು ತಿನ್ನಲಿ, ತಿನ್ನದ ಮನೆಯ ಮಗುವಿಗೂ ಕೋಳಿ ನೋಡುವ ಆಸೆ ಇರುತ್ತದೆ.

ಇನ್ನು ಎಲ್ಲಕ್ಕಿಂತ ಕಷ್ಟದ ಮಾತು. ಹತ್ತು ಮರಿಯಾದರೆ ಅದರಲ್ಲಿ ನಾಲ್ಕೈದು ಹುಂಜ. ಒಂದು ಹಿತ್ತಲಿಗೆ ಎರಡು ಹುಂಜ ಹೆಚ್ಚಾಯಿತು. ಕಾದಾಡಿ ರಕ್ತ ಹರಿಸುತ್ತವೆ. ಕೋಳಿ ಕೇಳಿ ಮಸಾಲೆ ಅರೆಯುತ್ತಾರೆಯೇ ಎಂದು ಗಾದೆ ಹೇಳುತ್ತದೆ ನಿಜ, ಆದರೆ ಹೆಸರಿಟ್ಟು ಕರೆದ ಮಗುವನ್ನಾದರೂ ಕೇಳಬೇಕಲ್ಲ? ಶಾಲೆಗೆ ಹೋಗಿ ಬರುವುದರೊಳಗೆ ಹುಂಜ ಮಾಯವಾಗಿ, ರಾತ್ರಿಯ ಊಟದಲ್ಲಿ ಅದು ಪತ್ತೆಯಾದರೆ ಆ ಮಗು ಮನೆಯವರ ಮಾತು ನಂಬುವುದು ಕಷ್ಟ. ತರುವ ದಿನವೇ ಹೇಳಿಬಿಡಿ: ಇವು ತತ್ತಿಗಾಗಿ, ಇವನ್ನು ಕೊಯ್ಯುವುದಿಲ್ಲ, ಅಥವಾ ಹೆಚ್ಚಾದ ಹುಂಜಗಳನ್ನು ಮಾರುತ್ತೇವೆ, ಅಥವಾ ನಮ್ಮ ಮನೆಯಲ್ಲಿ ತಿನ್ನುತ್ತೇವೆ. ಮೂರೂ ಪ್ರಾಮಾಣಿಕ ಉತ್ತರಗಳೇ. ಯಾವುದಾದರೂ ಒಂದಕ್ಕೆ ನಿಲ್ಲಬೇಕು. ಮರಿ ಬೇಡವೆಂದರೆ ಹುಂಜ ಇಲ್ಲದೆ ಹೇಂಟೆಗಳನ್ನಷ್ಟೇ ಸಾಕಿ. ನೆರೆಯವರ ನಿದ್ದೆಯೂ ಉಳಿಯುತ್ತದೆ.

ವಯಸ್ಸಾಗಿ ತತ್ತಿ ಕಡಿಮೆಯಾದ ಹೇಂಟೆಯನ್ನು ಏನು ಮಾಡುವುದೆಂಬ ಪ್ರಶ್ನೆ ಉಳಿಯುತ್ತದೆ. ಜವಾರಿ ಕೋಳಿ ಆರೇಳು ವರ್ಷ ಬದುಕಬಲ್ಲದು. ಗಿರಿರಾಜಕ್ಕೆ ಕಾವು ಕೂರುವ ಗುಣವಿಲ್ಲ, ತತ್ತಿ ಇಟ್ಟು ಎದ್ದು ಹೋಗುತ್ತದೆ. ಹಳ್ಳಿಯ ಹೆಂಗಸರು ಆ ತತ್ತಿಗಳನ್ನು ಒಟ್ಟುಮಾಡಿ ಜವಾರಿ ಹೇಂಟೆಯ ಕೆಳಗಿಡುತ್ತಾರೆ. ತನ್ನ ತತ್ತಿ ಹೆಚ್ಚು ಇಡದ ಎಷ್ಟೋ ಹಳೆಯ ಹೇಂಟೆಗಳು ಬುಟ್ಟಿಯಲ್ಲಿ ಕದಲದೆ 21 ದಿನ ಕೂತು, ಬೇರೆ ತಳಿಯ ಮರಿಗಳನ್ನು ಹಿಂದೆ ಹಾಕಿಕೊಂಡು ಲಿಂಬೆಯ ಬುಡಕ್ಕೆ ಕರೆದೊಯ್ಯುತ್ತವೆ.